ಪುಟ ನಲವತ್ತಮೂರು, ಸಾಲು ಏಳು

ಪರೇಲ್, ಮುಂಬಯಿ
೨೦ ನವೆಂಬರ್ ೧೯೫೮

ರಾಜೀವಿಗೆ,

ಗಂಡನಾದವನು ಹೆಂಡತಿಗೆ ಬರೆಯುವಾಗ ಆಶೀರ್ವಾದದಿಂದ ಶುರುಮಾಡುವುದು ವಾಡಿಕೆ. ಆಶೀರ್ವದಿಸುವ ಸ್ಥಿತಿಯಲ್ಲಿ ನಾನು ಸದ್ಯಕ್ಕೆ ಇಲ್ಲ. ಆದ್ದರಿಂದ ನಮಸ್ಕಾರ. ಮಾವನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ನೀನಿರುವ ಗೋರೆಗಾಂವಿಗೆ ಮೂರು ಸಲ ಬಂದೆ. ಮೂರು ಸಲವೂ ಚಾಳಿನ ಕೆಳಗಿನ ಹಾಲಿನಂಗಡಿಯವನು, ಅವರು ಮೇಲೇ ಇದ್ದಾರೆ, ಹತ್ತಿ ಹೋಗಿ ಎಂದ. ಮೂರು ಸಲವೂ ಸ್ಟೇಷನ್ನಿಗೆ ಮರಳಿ ಲೋಕಲ್ ಹಿಡಿದೆ. ಇಪ್ಪತ್ತು ವರ್ಷ ಬಾಯಿಯಿಂದಲೇ ಹೊಟ್ಟೆ ಹೊರೆದವನಿಗೆ ಹನ್ನೆರಡು ಮೆಟ್ಟಿಲು ಹತ್ತುವಷ್ಟು ಮಾತು ಸಿಗಲಿಲ್ಲ ಎಂದರೆ ನೀನು ನಗುತ್ತೀಯ. ನಗು.

ಮೊದಲು ಖರ್ಚಿನ ಬಾಬತ್ತು ಬರೆದುಬಿಡುತ್ತೇನೆ. ನನ್ನ ‘ಮೋಟಾರು ಬಂದ ದಾರಿ’ ಪುಸ್ತಕಕ್ಕೆ ತಗುಲಿದ್ದು ಇಷ್ಟು: ಎರಡು ವರ್ಷ ನಾಲ್ಕು ತಿಂಗಳು. ಮೂವತ್ತು ರೀಮು ಕಾಗದ. ಚಿತ್ರದ ಬ್ಲಾಕು ಹನ್ನೊಂದು. ಹಳೇ ಡ್ರೈವರುಗಳ ಬಾಯಿ ಬಿಡಿಸಲು ಕುಡಿಸಿದ ಇರಾನಿ ಚಹಾ, ಎಣಿಸಿಲ್ಲ. ನನ್ನ ಬಲಗಣ್ಣಿನ ಅರ್ಧ, ಇದ್ದದ್ದೇ ಅದೊಂದು. ಹದಿಮೂರು ವರ್ಷದ ಸಂಸಾರ. ಒಬ್ಬ ಮಾವ. ಹಿಂದಿನ ರಟ್ಟಿನ ಮೇಲೆ ಬೆಲೆ ಮೂರು ರೂಪಾಯಿ ಎಂದು ಅಚ್ಚು ಹಾಕಿಸಿದ್ದೇನೆ.

ನನ್ನ ವೃತ್ತಿಯ ಕಥೆ ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಒಂದು ಸಲ ಬರೆಯುತ್ತೇನೆ. ಯಾಕೆಂದರೆ ಅದು ನಡೆದ ಹಾಗೆ ಎಲ್ಲಿಯೂ ಬರೆದಿಲ್ಲ, ನಾನೇ ಬರೆದದ್ದರಲ್ಲಂತೂ ಇಲ್ಲವೇ ಇಲ್ಲ.

ಹದಿನೆಂಟನೇ ವಯಸ್ಸಿನಲ್ಲಿ ಮಂಗಳೂರಿನಿಂದ ಆಗಬೋಟು ಹತ್ತಿ ಮುಂಬಯಿಗೆ ಬಂದು ನಿನ್ನ ಅಪ್ಪನ ಟ್ಯಾಕ್ಸಿಗೆ ಕ್ಲೀನರ್ ಆದೆ. ಮರುವರ್ಷ ಬ್ಯಾಟರಿಯ ಆಸಿಡ್ ಸಿಡಿದು ಎಡಗಣ್ಣು ಹೋಯಿತು. ಒಂದು ಕಣ್ಣಿನವನಿಗೆ ಲೈಸೆನ್ಸ್ ಯಾರು ಕೊಡುತ್ತಾರೆ? ಆಸ್ಪತ್ರೆಯ ಮಂಚದ ಪಕ್ಕ ಕೂತು ಮಾವ, ಹೋದದ್ದು ಹೋಯಿತು ಮಾರಾಯ, ನಿನ್ನ ನಾಲಿಗೆಗೆ ನಾಲ್ಕು ಗಾಲಿ ಉಂಟು, ಇನ್ನು ಅದನ್ನೇ ಓಡಿಸು ಎಂದರು. ಓಡಿಸಿದೆ. ಆಪೆರಾ ಹೌಸಿನ ಅಂಗಡಿಗಳಲ್ಲಿ ಮೋಟಾರಿನ ಬಿಡಿಭಾಗ ಮಾರಿದೆ. ಒಂದು ದಿನ ಧಾರವಾಡ ಕಡೆಯ ಚನ್ನಬಸಯ್ಯನವರು ತಮ್ಮ ಹಳೇ ಕಾರಿಗೆ ಫ್ಯಾನ್ ಬೆಲ್ಟ್ ಕೊಳ್ಳಲು ಬಂದು, ಅರ್ಧ ತಾಸು ನನ್ನ ಮಾತು ಕೇಳಿ, ಬೆಲ್ಟಿನ ಜೊತೆ ಬೇಡದ ಎರಡು ಬಲ್ಬನ್ನೂ ಕೊಂಡರು. ಹೋಗುವಾಗ, “ಮಾತಾಡೂದು ಇಷ್ಟು ಛಂದ ಮಾಡ್ತೀರಿ, ಇದನ್ನs ನಮ್ಮ ಪತ್ರಿಕಾಕ್ಕ ಬರದು ಕೊಡ್ರಲಾ” ಎಂದರು. ಅವರ ‘ಪಡುವಣ ವಾರ್ತೆ’ ಆಗ ವಾರಕ್ಕೊಮ್ಮೆ ಫೋರ್ಟಿನ ಒಂದು ಗಲ್ಲಿಯಿಂದ ಹೊರಡುತ್ತಿತ್ತು. ಐವತ್ತೊಂದರ ಯುಗಾದಿಗೆ, ಹೊಸ ಕಾರುಗಳನ್ನು ಪರೀಕ್ಷಿಸಿ ಬರೆಯುವ ನನ್ನ ಅಂಕಣ ಶುರುವಾಯಿತು. ಮುಂಬಯಿಯಲ್ಲಿ ಕಾರು ಇಟ್ಟುಕೊಂಡ ಕನ್ನಡಿಗರು ಆಗ ಬೆರಳೆಣಿಕೆಯಷ್ಟು. ಓದುತ್ತಿದ್ದವರೋ ಕಾರಿಲ್ಲದವರೇ, ಸಾವಿರಗಟ್ಟಲೆ.

ನಾವು ಕೆಲಸ ಮಾಡುತ್ತಿದ್ದ ರೀತಿ ನೆನಪಿದೆಯೇ? ಭಾನುವಾರ ಬೆಳಿಗ್ಗೆ ಡೀಲರ್ ಹೊಸ ಕಾರೊಂದನ್ನು ಮಧ್ಯಾಹ್ನದವರೆಗೆ ನಮ್ಮ ಕೈಗೆ ಕೊಡುತ್ತಿದ್ದ. ಮಾವ ಸ್ಟಿಯರಿಂಗಿಗೆ. ಪಕ್ಕದಲ್ಲಿ ನೋಟುಬುಕ್ಕು ಹಿಡಿದು ನಾನು. ಹಿಂದಿನ ಸೀಟಿನಲ್ಲಿ ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಲೋಟ ಹಿಡಿದು ನೀನು. ಆರೆ ಕಾಲೊನಿಯ ಏರು ಹತ್ತಿ ಪವಾಯಿ ಕೆರೆಯ ದಾರಿಗೆ ಇಳಿಯುವ ಹೊತ್ತಿಗೆ ಮಾವ ತಿರುಗದೆಯೇ, ಮಗಾ, ಎಷ್ಟು ಚೆಲ್ಲಿತು ಎಂದು ಕೇಳುತ್ತಿದ್ದರು. ನೀನು ಎರಡು ಬೆರಳು ಎಂದರೆ ನಾನು ಸ್ಪ್ರಿಂಗು ಉತ್ತಮ ಎಂದು ಬರೆಯುತ್ತಿದ್ದೆ. ಸೆರಗು ಪೂರ್ತಿ ತೋಯ್ದ ದಿನ, ಹಿಂದೆ ಕೂರುವವರಿಗೆ ತುಸು ಕುಲುಕಾಟ ಎಂದು. ಒಮ್ಮೆ ನೀನು ಸೀರೆಯನ್ನು ಹಿಂಡಿ ನೀರನ್ನು ಮತ್ತೆ ಲೋಟಕ್ಕೇ ತುಂಬಿಸಿದೆ. ಮಾವ ಕನ್ನಡಿಯಲ್ಲಿ ನೋಡಿ ಗಾಡಿಯನ್ನೇ ನಿಲ್ಲಿಸಿ ನಕ್ಕರು.

ಮಾವ ಎಂಜಿನ್ನನ್ನು ಕಿವಿಯಿಂದ ನೋಡುತ್ತಿದ್ದರು. ತಲೆಯನ್ನು ಬಲಕ್ಕೆ ವಾಲಿಸಿ, ಇದಕ್ಕೆ ಗಂಟಲಲ್ಲಿ ಕಫ ಉಂಟು ಎನ್ನುತ್ತಿದ್ದರು. ನಾನು ಆ ಕಫವನ್ನು ಕಾರ್ಬ್ಯುರೇಟರ್ ಮಾಡಿ ಅರ್ಧ ಕಾಲಂ ತುಂಬಿಸುತ್ತಿದ್ದೆ. ಕೊನೆಗೆ ಪತ್ರಿಕೆಯಲ್ಲಿ ಬರುತ್ತಿದ್ದದ್ದು: “ಈ ಕಾರನ್ನು ನಾನು ನಲವತ್ತು ಮೈಲು ಓಡಿಸಿ ನೋಡಿದೆ.” ಏಳು ವರ್ಷದಲ್ಲಿ ನೂರ ಹನ್ನೆರಡು ಕಾರು. ಲೈಸೆನ್ಸಿಲ್ಲದ ಒಕ್ಕಣ್ಣ ನೂರ ಹನ್ನೆರಡು ಕಾರು ಓಡಿಸಿದ, ಒಂದಕ್ಕೂ ಗೀರು ಬೀಳಲಿಲ್ಲ.

‘ನಾನು’ ಎಂದು ಯಾಕೆ ಬರೆಯುತ್ತೀರಿ ಎಂದು ನೀನು ಒಮ್ಮೆ ಕೇಳಿದೆ. ಮೋಟಾರು ಲೋಕದ ಪದ್ಧತಿಯೇ ಹಾಗೆ ಎಂದೆ. ಸಾಹುಕಾರರು ನಿನ್ನೆ ಪುಣೆಗೆ ಮೂರೂವರೆ ತಾಸಿನಲ್ಲಿ ಓಡಿಸಿಕೊಂಡು ಹೋದೆ ಎನ್ನುತ್ತಾರೆ. ಖಂಡಾಲಾ ಬಂದದ್ದೂ ಅವರಿಗೆ ಗೊತ್ತಿರುವುದಿಲ್ಲ, ಹಿಂದೆ ಮಲಗಿರುತ್ತಾರೆ. ಡ್ರೈವರಿನ ಹೆಸರು ಯಾರೂ ಕೇಳುವುದಿಲ್ಲ, ಹಾರ್ನಿಗೆ ಹೆಸರಿರುತ್ತದೆಯೇ ಎಂದೆ. ಮಾವ ಅಲ್ಲೇ ಬೀಡಿ ಹಚ್ಚುತ್ತಿದ್ದರು. ಹೆಸರು ಬಿದ್ದರೆ ಪೊಲೀಸರು ಮೊದಲು ನನ್ನನ್ನೇ ಹುಡುಕಿಕೊಂಡು ಬಂದಾರು, ಅವನದ್ದೇ ಇರಲಿ ಎಂದು ನಕ್ಕರು. ಆ ನಗುವನ್ನು ನಾನು ರಸೀದಿ ಎಂದು ತಿಳಿದೆ.

ಅವರು ನನ್ನಲ್ಲಿ ಕೇಳಿದ್ದು ಒಂದೇ ಒಂದು. ಪುಸ್ತಕ ಬರೆಯುತ್ತೇನೆ, ಮೋಟಾರು ನಮ್ಮ ಕಡೆಗೆ ಹೇಗೆ ಬಂತು ಎಂಬುದರ ಚರಿತ್ರೆ, ಸಾಮಾನ್ಯರು ಓದುವಂಥದ್ದು ಎಂದು ನಾನು ಹೇಳಿದ ದಿನ ಅವರು, “ಆ ಘಟ್ಟದ್ದೊಂದು ನನ್ನ ಹೆಸರಲ್ಲಿ ಹಾಕು ಮಾರಾಯ. ಬಾಕಿ ಎಲ್ಲ ನೀನೇ ಓಡಿಸಿದ್ದು ಅಂತ ಇರ್ಲಿ” ಎಂದರು. ನಾನು ಅದಕ್ಕೇನು ಮಾವ ಎಂದೆ. ನೀನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಿ ನನ್ನ ಮುಖ ನೋಡಿದೆ.

ಘಟ್ಟದ ಕಥೆ ನಿನಗೆ ಬಾಯಿಪಾಠ. ಇಪ್ಪತ್ತೆರಡನೇ ಇಸವಿ. ಬೆಳಗಾವಿಯ ವ್ಯಾಪಾರಿ ನೀಲಕಂಠಪ್ಪನವರು ಮುಂಬಯಿಯಲ್ಲಿ ಕಾರು ಕೊಂಡು, ಮಳೆಗಾಲಕ್ಕೆ ಮುಂಚಿನ ಕಡೆಯ ಹಡಗಿನಲ್ಲಿ ವೆಂಗುರ್ಲೆಗೆ ಸಾಗಿಸಿದರು. ಜೊತೆಗೆ ಇಪ್ಪತ್ತಮೂರು ವರ್ಷದ ಡ್ರೈವರ್ ದೂಜ, ಅಂದರೆ ನಿನ್ನ ಅಪ್ಪ. ಆ ವರ್ಷ ಮಳೆ ಮೊದಲೇ ಹಿಡಿಯಿತು. ಅಂಬೋಲಿ ಘಟ್ಟದ ಬುಡದಲ್ಲಿ ಕಾರು ನಿಂತುಬಿಟ್ಟಿತು. ಆಗಿನ ಕಾರಿನ ಪೆಟ್ರೋಲು ಸೀಟಿನಡಿಯ ಟಾಂಕಿಯಿಂದ ತಾನಾಗಿ ಇಳಿದು ಎಂಜಿನ್ನಿಗೆ ಬರಬೇಕು. ಏರಿನಲ್ಲಿ ಮೂತಿ ಮೇಲಾದರೆ ಎಂಜಿನ್ ಎತ್ತರವಾಗಿ ಪೆಟ್ರೋಲು ಹತ್ತದು. ನಿನ್ನ ಅಪ್ಪ ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ, ಹಿಂದುಮುಂದಾಗಿ ಘಟ್ಟ ಹತ್ತಿಸಲು ನಿಂತರು. ನೀಲಕಂಠಪ್ಪನವರು ಪ್ರಪಾತ ನೋಡಿ, ತಮ್ಮಾ, ನಾ ಎತ್ತಿನ ಗಾಡ್ಯಾಗ ಬರ್ತೇನಿ ಎಂದು ಇಳಿದರಂತೆ. ಆರೇಳು ಮೈಲು. ತಲೆಯನ್ನು ಹೊರಗೆ ಹಾಕಿ, ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿ, ಮಳೆಯಲ್ಲಿ ಕಣ್ಣು ಮಿಟುಕಿಸದೆ ನಿನ್ನ ಅಪ್ಪ. ಹಿಂದಿನಿಂದ ಎತ್ತಿನ ಗಾಡಿಯಲ್ಲಿ, ಕೊಡೆ ಹಿಡಿದು, ತಮ್ಮ ಕಾರಿನ ಮುಖವನ್ನೇ ನೋಡುತ್ತಾ ಸಾಹುಕಾರರು. ಆವತ್ತಿನಿಂದ ತನ್ನ ಕುತ್ತಿಗೆ ಬಲಕ್ಕೇ ನಿಂತಿತು ಎಂದು ಮಾವ ಹೇಳುತ್ತಿದ್ದರು. ಡಾಕ್ಟರು ಒಪ್ಪಲಿಲ್ಲ. ನಾವು ಒಪ್ಪಿದ್ದೆವು.

ಇನ್ನು ನಾನು ಮಾಡಿದ್ದು. ನೀಲಕಂಠಪ್ಪನವರ ಮಗ ಶಿವಪುತ್ರಪ್ಪನವರಿಗೆ ಇಲ್ಲಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೋಟಾರು ಸಾಮಾನಿನ ದೊಡ್ಡ ಅಂಗಡಿ ಇರುವುದು ನಿನಗೆ ಗೊತ್ತು. ಪುಸ್ತಕಕ್ಕೆ ಕಾಗದ ಕೊಟ್ಟವರು ಅವರೇ. ತಂದೆಯ ಒಂದು ಫೋಟೋ ಕೂಡ ಕೊಟ್ಟರು; ಮನೆಯ ಮುಂದೆ ನಿಲ್ಲಿಸಿದ ಅದೇ ಕಾರಿನಲ್ಲಿ, ಸ್ಟಿಯರಿಂಗ್ ಹಿಡಿದು, ರುಮಾಲು ಸುತ್ತಿ ಕೂತದ್ದು. ಅಷ್ಟೇ. ಜೂನಿನಲ್ಲಿ ನಾನು ನಿನಗೆ, ಶಿವಪುತ್ರಪ್ಪನವರು ಪಟ್ಟು ಹಿಡಿದರು, ಕಾಗದ ವಾಪಸು ಕೇಳಿದರು, ನಾನೇನು ಮಾಡಲಿ ಎಂದೆನಲ್ಲ, ಅದು ಸುಳ್ಳು. ಅವರು ಒಂದು ಮಾತೂ ಹೇಳಲಿಲ್ಲ. ಚನ್ನಬಸಯ್ಯನವರೂ ಹೇಳಲಿಲ್ಲ. ಹಸ್ತಪ್ರತಿಯಲ್ಲಿ ದೂಜ ಎಂದೇ ಇತ್ತು. ಪ್ರೆಸ್ಸಿಗೆ ಕೊಡುವ ಬೆಳಿಗ್ಗೆ, ಫೋಟೋದಲ್ಲಿ ಸಾಹುಕಾರರು, ಬರಹದಲ್ಲಿ ಡ್ರೈವರು, ಎರಡಕ್ಕೂ ಹೊಂದುವುದಿಲ್ಲ ಎಂದುಕೊಂಡು ನಾನೇ ಒಂದು ಗೆರೆ ಎಳೆದೆ. ಏಳು ವರ್ಷದಿಂದ ರೂಢಿಯಾದ ಕೈ. ‘ದೂಜ’ ಹೊಡೆದು ‘ನೀಲಕಂಠಪ್ಪನವರು’ ಎಂದು ಬರೆಯಲು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಎತ್ತಿನ ಗಾಡಿ ಚೆಂದ ಇತ್ತು. ಅದನ್ನು ಹಾಗೇ ಬಿಟ್ಟೆ, ಅದರಲ್ಲಿ ಕೂತವರ ಹೆಸರು ಮಾತ್ರ ತೆಗೆದೆ.

ಜೂನ್ ಎಂಟರ ಭಾನುವಾರ ಪುಸ್ತಕ ಮನೆಗೆ ಬಂತು. ಮಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನೀನು ಓದಬೇಕು. ಪುಟ ನಲವತ್ತಮೂರಕ್ಕೆ ಬಂದೆ. ಏಳನೇ ಸಾಲಿಗೆ ನಿಂತೆ. ಮಾವ, ಓದು ಮಗಾ ಎಂದರು. ನೀನು ಓದಿದೆ. ಕೊನೆಯವರೆಗೆ, ಒಂದೇ ದನಿಯಲ್ಲಿ, ಸಾಹುಕಾರರ ಹೆಸರಿನ ಒಂದು ಅಕ್ಷರವೂ ಬಿಡದೆ. ನಾನು ಬೆಂಕಿಪೊಟ್ಟಣ ಹುಡುಕುತ್ತಿದ್ದೆ, ಅದು ನನ್ನ ಕೈಯಲ್ಲೇ ಇತ್ತು. ಮಾವ ಬೈಯಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ, “ಹಾಗಾದ್ರೆ ಎತ್ತಿನ ಗಾಡಿಯಲ್ಲಿ ಬಂದದ್ದು ನಾನಾ?” ಎಂದು ಕೇಳಿದರು.

ಆಮೇಲೆ ನಮ್ಮಿಬ್ಬರ ಜಗಳ. ಅದರಲ್ಲಿ ನಾನು ಆಡಿದ ನೂರು ಮಾತಿನಲ್ಲಿ ನೀನು ಒಂದನ್ನು ಮಾತ್ರ ಹಿಡಿದುಕೊಂಡು ಹೋದೆ ಎಂದು ನನಗೆ ಗೊತ್ತು. ಓದುವಾಗ ನೀನೇ ಹೆಸರು ಬದಲಾಯಿಸಿ ದೂಜ ಎಂದು ಓದಿಬಿಡಬಹುದಿತ್ತು, ಅವರಿಗೆ ಹೇಗೂ ಗೊತ್ತಾಗುತ್ತಿರಲಿಲ್ಲ ಎಂದೆ. ಮಾವ ಆಗ ಬಾಗಿಲ ಹೊರಗೇ ಇದ್ದರು. ಮರುದಿನ ನೀವಿಬ್ಬರೂ ಒಂದು ಟ್ರಂಕು ಹಿಡಿದು ಗೋರೆಗಾಂವಿನ ಚಾಳಿನಲ್ಲಿ ಅಪ್ಪಿ ಅತ್ತೆಯ ಖೋಲಿಗೆ ಹೋದಿರಿ. ಲೋಟ ಮಾತ್ರ ಇಲ್ಲೇ ಉಳಿಯಿತು.

ಆ ಮಳೆಗಾಲದಲ್ಲಿ ಅವರ ಎದೆ ಕಟ್ಟಿದ್ದು ನನಗೆ ಆಗಸ್ಟಿನವರೆಗೂ ತಿಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಸಲ ಬಂದೆ. ನೀನು ಕೊಡ ಹಿಡಿದು ನಲ್ಲಿಯ ಸಾಲಿನಲ್ಲಿ ನಿಂತಿದ್ದೆ. ಮಾವ ಗೋಡೆಗೆ ಒರಗಿ ಕೂತಿದ್ದರು. ಈ ವಾರ ಯಾವ ಗಾಡಿ ಎಂದು ಕೇಳಿದರು. ಯಾವುದೂ ಇಲ್ಲ ಮಾವ, ಓಡಿಸುವವರು ಇಲ್ಲವಲ್ಲ ಎಂದೆ. ಅದಕ್ಕೆ ಖುಷಿಯಾದರು, ನಿಜವಾಗಿಯೂ. ಎರಡನೇ ಸಲ ಅಚ್ಚು ಹಾಕುವುದು ಉಂಟಾ ಎಂದರು. ಉಂಟು ಎಂದೆ. ಮುಂದೆ ಕೇಳಬೇಕಾದದ್ದನ್ನು ಅವರು ಕೇಳಲಿಲ್ಲ, ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ನಿನ್ನ ಕೊಡದ ಸದ್ದು ಮೆಟ್ಟಿಲಲ್ಲಿ ಕೇಳಿದ ಕೂಡಲೇ ಹೊರಟೆ.

ತಿದ್ದುಪಡಿ ಚೀಟಿ ಮಾಡಿಸಿದ್ದೇನೆ. ಪ್ರೆಸ್ಸಿನವರು ಇವತ್ತು ನಾಳೆ ಎಂದು ಸತಾಯಿಸಿದರು, ಕೈಗೆ ಸಿಗುವಷ್ಟರಲ್ಲಿ ಮಾವ ತೀರಿಕೊಂಡ ಅಕ್ಟೋಬರ್ ಒಂಬತ್ತು ಬಂದುಹೋಗಿತ್ತು. ಮಾವನನ್ನು ಸುಟ್ಟು ಬಂದ ಮೂರನೇ ದಿನ ಚನ್ನಬಸಯ್ಯನವರ ಗೋದಾಮಿಗೆ ಹೋಗಿ, ಮಾರಾಟವಾಗದೆ ಉಳಿದ ಆರುನೂರ ಹನ್ನೆರಡು ಪ್ರತಿಗೂ ಮೈದಾ ಅಂಟು ಹಚ್ಚಿ ನಾನೇ ಚೀಟಿ ಅಂಟಿಸಿದೆ. ನಾಲ್ಕು ದಿನ ಹಿಡಿಯಿತು. ಚನ್ನಬಸಯ್ಯನವರು ಬಾಗಿಲಲ್ಲಿ ನಿಂತು, “ಏನ್ರೀ ಪೂವಪ್ಪ, ಪುಸ್ತಕಕ್ಕ ಗಾಯದ ಪಟ್ಟಿ ಕಟ್ಟಾಕತ್ತೀರೇನು” ಎಂದರು. ನಾನು ಹೌದು ಎಂದೆ. ಅವರೂ ಕೂತು ಇಪ್ಪತ್ತಕ್ಕೆ ಅಂಟಿಸಿದರು, ಅದರಲ್ಲಿ ಆರು ತಲೆಕೆಳಗು.

ಒಂದು ಪ್ರತಿಯನ್ನು ಇದರೊಂದಿಗೆ ಪಾರ್ಸಲ್ ಮಾಡಿದ್ದೇನೆ. ಚೀಟಿಯಲ್ಲಿ ಹೀಗಿದೆ: “ಪುಟ ೪೩, ಸಾಲು ೭: ‘ನೀಲಕಂಠಪ್ಪನವರು’ ಎಂದಿರುವಲ್ಲಿ ‘ಡ್ರೈವರ್ ದೂಜ’ ಎಂದು ಓದಿಕೊಳ್ಳಬೇಕು.” ಆವತ್ತು ನಿನ್ನಿಂದ ಆಗಲಿ ಎಂದು ನಾನು ಬಯಸಿದ್ದನ್ನೇ ಈಗ ಊರಿನ ಓದುಗರಿಂದ ಬಯಸುತ್ತಿದ್ದೇನೆ. ಅದೂ ನನಗೆ ಅಂಟಿಸುವಾಗಲೇ ಹೊಳೆದದ್ದು.

ಹೋದ ವಾರ ಒಬ್ಬ ಹೊಸ ಡೀಲರ್ ನನ್ನ ಹೆಸರು ಕೇಳಿ ತಾನಾಗಿ ಕಾರು ಕಳಿಸಿದ. ನಾನು ರೂಢಿಯ ಪ್ರಕಾರ ಎಡಗಡೆಯ ಬಾಗಿಲು ತೆಗೆದು ಕೂತೆ. ಕಾರು ತಂದವನು ಕೀಲಿ ಹಿಡಿದು, ಓಡಿಸಿ ಸಾಬ್, ನಿಮಗೇ ತಂದದ್ದು ಎಂದ. ಇವತ್ತು ಕುತ್ತಿಗೆ ನೋವು ಎಂದು ಇಳಿದು ಬಂದೆ. ಅಂಕಣ ನಿಂತಿದೆ. ಓದುಗರು ಪತ್ರ ಬರೆಯುತ್ತಿದ್ದಾರೆ.

ಕೇಳಿಕೊಳ್ಳುವುದು ಒಂದಿದೆ. ಚೀಟಿ ಅಂಟಿಸಿದ ಪ್ರತಿಗಳು ಖರ್ಚಾಗುತ್ತಿವೆ, ಎರಡನೇ ಮುದ್ರಣ ಜನವರಿಗೆ. ಅದರಲ್ಲಿ ಚೀಟಿ ಇರುವುದಿಲ್ಲ, ಹೆಸರೇ ಇರುತ್ತದೆ. ನಲವತ್ತಮೂರನೇ ಪುಟದ ಎದುರು ಮಾವನ ಫೋಟೋ ಬೇಕು. ಮನೆಯಲ್ಲಿ ಇರುವುದೆಲ್ಲ ಹುಡುಕಿದೆ. ಒಂದರಲ್ಲಿ ಬಾನೆಟ್ ಒರೆಸುತ್ತಿದ್ದಾರೆ, ಇನ್ನೊಂದರಲ್ಲಿ ಸಾಹುಕಾರರಿಗೆ ಬಾಗಿಲು ತೆಗೆದು ನಿಂತಿದ್ದಾರೆ, ಮುಖ ಅರ್ಧ. ಐದು ಲಕ್ಷ ಮೈಲಿಗಿಂತ ಹೆಚ್ಚು ಓಡಿಸಿದ ಮನುಷ್ಯ ಸ್ಟಿಯರಿಂಗಿನ ಹಿಂದೆ ಇರುವ ಫೋಟೋ ಒಂದೂ ಇಲ್ಲ. ಅವರ ಲೈಸೆನ್ಸ್ ಪುಸ್ತಕದಲ್ಲಿ ಒಂದು ಮುಖ ಇದೆ. ಅದು ನಿನ್ನ ಟ್ರಂಕಿನಲ್ಲಿ ಇರಬೇಕು. ಕೊಡಲು ಮನಸ್ಸಾದರೆ ಕೆಳಗಿನ ಹಾಲಿನಂಗಡಿಯಲ್ಲಿ ಇಟ್ಟಿರು. ನಾನು ಮೇಲೆ ಬರುವುದಿಲ್ಲ. ನೀನು ಬಾ ಎನ್ನುವವರೆಗೆ ಬರುವುದಿಲ್ಲ ಎಂದು ತಿದ್ದಿಕೋ.

ಇಂತಿ,
ಮೋಟಾರು ಓಡಿಸಲು ಬಾರದ
ಪೂವಪ್ಪ

ಮತ್ತೊಂದು ಮಾತು.

ಪತ್ರ ಮಡಿಸಿದ ಮೇಲೆ ಬಿಚ್ಚಿದ್ದೇನೆ. ಚೀಟಿಯ ಕೆಳತುದಿಯಲ್ಲಿ ಪ್ರೆಸ್ಸಿನವರು ತಮ್ಮ ವಾಡಿಕೆಯಂತೆ ತಾರೀಖು ಹಾಕಿದ್ದಾರೆ, ಅಕ್ಷರ ಸಣ್ಣದು, ಆದರೆ ನಿನಗೆ ಕಾಣುತ್ತದೆ: ೩೦-೮-೫೮. ಪ್ರೆಸ್ಸಿನವರು ಸತಾಯಿಸಲಿಲ್ಲ. ಹೇಳಿದ ದಿನವೇ ಕೊಟ್ಟರು. ಸೆಪ್ಟೆಂಬರಿನಲ್ಲಿ ಮಾವನ ಎದುರು ಕೂತಿದ್ದಾಗ ಚೀಟಿಯ ಕಟ್ಟು ನನ್ನ ಚೀಲದಲ್ಲಿತ್ತು. ಚೀಲ ಅವರ ಮಂಚದ ಕಾಲಿಗೆ ಒರಗಿತ್ತು. ಶಿವಪುತ್ರಪ್ಪನವರು ಇಂಗ್ಲಿಷಿನಲ್ಲಿ ಮೋಟಾರು ಮಾಸಿಕ ತೆಗೆಯುವವರಿದ್ದರು, ಸಂಪಾದಕ ನೀವೇ ಎಂದಿದ್ದರು, ದೀಪಾವಳಿಯ ಒಳಗೆ ನೇಮಕದ ಕಾಗದ ಕೈಗೆ ಬರಬೇಕಿತ್ತು. ಅವರ ತಂದೆಯನ್ನು ಕಾರಿನಿಂದ ಇಳಿಸಲು ಆ ಕಾಗದ ಬರಲಿ ಎಂದು ಕಾದೆ.

ಎಲ್ಲ ಅಂಟಿಸಿದ ಮೇಲೆ ಒಂದು ಪ್ರತಿಯನ್ನು ಅವರ ಮೇಜಿನ ಮೇಲೆ ಇಟ್ಟೆ. ಹುದ್ದೆ ಹೋದರೆ ಹೋಗಲಿ ಎಂದುಕೊಂಡೇ. ಶಿವಪುತ್ರಪ್ಪನವರು ಚೀಟಿ ಓದಿ ಕನ್ನಡಕ ತೆಗೆದರು. “ಇದನ್ನ ಮೊದಲs ಯಾಕ ಹಾಕಲಿಲ್ರೀ? ನಮ್ಮ ಅಪ್ಪಾರಿಗೆ ಸೈಕಲ್ಲು ಸೈತ ಹೊಡ್ಯಾಕ ಬರ್ತಿರಲಿಲ್ಲ. ಎತ್ತಿನ ಗಾಡಿ ಕಥಿ ಅವರs ಹೇಳಿ ಹೇಳಿ ನಗ್ತಿದ್ರು. ದೂಜಣ್ಣ ತನ್ನ ತೊಡಿ ಮ್ಯಾಲ ನನ್ನ ಕೂಡಿಸ್ಕೊಂಡು ಸ್ಟಿಯರಿಂಗ್ ಹಿಡಿಸಿದಾಂವ. ಪುಸ್ತಕದಾಗ ಬ್ಯಾರೆ ಬಂದದ್ದು ನೋಡಿ, ಬರದಾಂವ ನೀವು, ನಿಮಗ ಗೊತ್ತಿರಬೇಕು ಅಂತ ಸುಮ್ಮನಾದೆ. ಒಂದು ಮಾತು ಕೇಳಬಾರದಾಗಿತ್ತೇನು?” ಎಂದರು. ದೂಜಣ್ಣ ಈಗ ಎಲ್ಲಿದ್ದಾರೆ, ಕರೆದುಕೊಂಡು ಬನ್ನಿ ಎಂದರು. ಹೇಳಿದೆ.

ಯಾರಿಗೆ ಏನು ಬಂತು ಎಂದು ಬರೆದು ಮುಗಿಸುತ್ತೇನೆ. ಚನ್ನಬಸಯ್ಯನವರಿಗೆ ಎರಡನೇ ಮುದ್ರಣ. ಶಿವಪುತ್ರಪ್ಪನವರಿಗೆ, ಅವರು ಕೇಳದೇ ಇದ್ದ ಒಂದು ಘಟ್ಟ, ನಾಲ್ಕು ತಿಂಗಳ ಮಟ್ಟಿಗೆ. ನನಗೆ ಸಂಪಾದಕನ ಕುರ್ಚಿ, ಒಂದನೇ ತಾರೀಖಿನಿಂದ. ನಿನಗೆ ಹಿತ್ತಾಳೆ ಲೋಟ, ಪಾರ್ಸಲಿನಲ್ಲಿ ಇದೆ. ಮಾವನಿಗೆ ಎರಡು ಅಂಗುಲ ಅಗಲದ ಒಂದು ಚೀಟಿ. ತಲುಪಿಲ್ಲ.